ದಾಳಿಗೊಳಗಾದವನಿಗೇ ಬಾಗಿಲು ಮುಚ್ಚುವ ನ್ಯಾಯ

2024ರ ಡಿಸೆಂಬರ್ ಹಾಗೂ 2025ರ ಜನವರಿಯಲ್ಲಿ ರಾಜ್ಯದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ 2.0’ ತಂತ್ರಾಂಶ ಪದೇ ಪದೇ ಸ್ತಬ್ಧಗೊಂಡಿತು. ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗುವ ಅನುಭವ ನಮ್ಮ ಜನರಿಗೆ ಹೊಸದಲ್ಲ. ‘ಸರ್ವರ್ ಇಲ್ಲ’ ಎಂಬ ಎರಡು ಪದಗಳು ಈಗ ಕನ್ನಡದ ಆಡಳಿತ ಭಾಷೆಯಲ್ಲಿ ಸೇರಿಯೇ ಹೋಗಿವೆ. ಆದರೆ ಈ ಸಲದ ಕಾರಣ ಬೇರೆ ಇತ್ತು. ಯಂತ್ರ ಕೆಟ್ಟಿರಲಿಲ್ಲ, ವಿದ್ಯುತ್ ಹೋಗಿರಲಿಲ್ಲ. ಯಾರೋ ಬೇಕೆಂದೇ ಸುಳ್ಳು ಕೋರಿಕೆಗಳ ಮಹಾಪೂರವನ್ನು ಆ ತಂತ್ರಾಂಶದ ಮೇಲೆ ಹರಿಯಬಿಟ್ಟಿದ್ದರು. ಫೆಬ್ರವರಿಯಲ್ಲಿ ಪ್ರಕರಣ ಸೈಬರ್ ಅಪರಾಧ ಪೊಲೀಸರ ಬಳಿಗೆ ಹೋಯಿತು.

ಆಗ ಪ್ರಕಟವಾದ ವಿವರಗಳು ಕುತೂಹಲಕಾರಿಯಾಗಿದ್ದವು. ದಾಳಿಕೋರರು ಆರಿಸಿಕೊಂಡದ್ದು ಋಣಭಾರ ಪ್ರಮಾಣಪತ್ರದ, ಅಂದರೆ ಜನ ‘ಇ.ಸಿ.’ ಎನ್ನುವ ಪತ್ರದ ಹುಡುಕಾಟ ವಿಭಾಗವನ್ನು. 62 ಇ-ಮೇಲ್ ಖಾತೆಗಳು, 14 ಐಪಿ ವಿಳಾಸಗಳು. ದಾಳಿ ತಾರಕಕ್ಕೇರಿದಾಗ ಎರಡು ಗಂಟೆಗಳಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು. ಜಮೀನು ಕೊಳ್ಳುವವನು, ತೋಟದ ಮೇಲೆ ಸಾಲ ಪಡೆಯುವವನು, ತಂದೆಯ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರು, ಎಲ್ಲರಿಗೂ ಮೊದಲು ಬೇಕಾದದ್ದು ಇ.ಸಿ. ಶಿವಮೊಗ್ಗವಾಗಲಿ ಭದ್ರಾವತಿಯಾಗಲಿ, ನೋಂದಣಿ ಕಚೇರಿಗಳೆಲ್ಲ ನೆಚ್ಚಿಕೊಂಡಿರುವುದು ಒಂದೇ ತಂತ್ರಾಂಶವನ್ನು. ಆದ್ದರಿಂದ ಎಲ್ಲಿಯೋ ಕುಳಿತವನೊಬ್ಬ ಬೆಂಗಳೂರಿನ ವ್ಯವಸ್ಥೆಯೊಂದರ ಕತ್ತು ಹಿಸುಕಿದರೆ ಉಸಿರುಗಟ್ಟುವುದು ಅಡಿಕೆ ಬೆಳೆಗಾರನಿಗೆ.

ಆದರೂ ಸರ್ಕಾರಕ್ಕೆ ತಜ್ಞರಿದ್ದಾರೆ, ಪೊಲೀಸರಿದ್ದಾರೆ, ಖಜಾನೆಯಿದೆ. ನಾಲ್ಕು ದಿನ ತಡವಾದರೂ ತಂತ್ರಾಂಶ ಮತ್ತೆ ಎದ್ದು ನಿಲ್ಲುತ್ತದೆ. ಈ ಲೇಖನದ ಚಿಂತೆ ಇರುವುದು ಅಂತಹ ಯಾವ ಬೆಂಬಲವೂ ಇಲ್ಲದವರ ಕುರಿತು. ದುರ್ಗಿಗುಡಿಯ ಒಬ್ಬ ವ್ಯಾಪಾರಿ, ಭದ್ರಾವತಿಯ ಒಂದು ಖಾಸಗಿ ಶಾಲೆ, ಆಗುಂಬೆಯ ಕಡೆಯ ಒಂದು ಹೋಂಸ್ಟೇ, ಸ್ಥಳೀಯ ಸುದ್ದಿ ಕೊಡುವ ಒಂದು ಪುಟ್ಟ ಜಾಲತಾಣ. ಇವರ ಮೇಲೆ ಇದೇ ಬಗೆಯ ದಾಳಿ ನಡೆದರೆ ಏನಾಗುತ್ತದೆ?

ಮೊದಲು ಇವರ ಜಾಲತಾಣ ಎಲ್ಲಿ ‘ವಾಸಿಸುತ್ತದೆ’ ಎಂಬುದನ್ನು ತಿಳಿಯಬೇಕು. ಮಾಲೀಕ ಊರಿನ ವಿನ್ಯಾಸಕಾರನೊಬ್ಬನಿಗೆ ಹಣ ಕೊಡುತ್ತಾನೆ. ಆತ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಹೋಸ್ಟಿಂಗ್ ಕಂಪನಿಯಿಂದ ಸಗಟಾಗಿ ಜಾಗ ಖರೀದಿಸಿ ಚಿಲ್ಲರೆಯಾಗಿ ಮಾರುತ್ತಾನೆ. ಆ ಕಂಪನಿ ಇನ್ನಾವುದೋ ದೊಡ್ಡ ದತ್ತಾಂಶ ಕೇಂದ್ರದಲ್ಲಿ ಸರ್ವರ್‌ಗಳನ್ನು ಬಾಡಿಗೆಗೆ ಹಿಡಿದಿರುತ್ತದೆ. ಆ ಕೇಂದ್ರ ಹೊರದೇಶದಲ್ಲೂ ಇರಬಹುದು. ಒಂದೇ ಸರ್ವರಿನಲ್ಲಿ, ಒಂದೇ ಐಪಿ ವಿಳಾಸದಡಿ ನೂರಾರು ಜಾಲತಾಣಗಳು ವಠಾರದ ಮನೆಗಳಂತೆ ಒತ್ತೊತ್ತಾಗಿ ಇರುತ್ತವೆ. ತಿಂಗಳ ಬಾಡಿಗೆ ಕೆಲವು ನೂರು ರೂಪಾಯಿ. ಅಷ್ಟು ಅಗ್ಗವಾಗಿರುವುದಕ್ಕೆ ಕಾರಣವೇ ಈ ವಠಾರ. ಮಾಲೀಕನಿಗೆ ತನ್ನ ನೆರೆಯವರು ಯಾರೆಂದು ಗೊತ್ತಿಲ್ಲ, ವಠಾರದ ಒಡೆಯನೊಡನೆ ನೇರ ಕರಾರೂ ಇಲ್ಲ.

ಇನ್ನು ಪ್ರವಾಹದ ವಿಚಾರ. ಶಿವಮೊಗ್ಗದವರಿಗೆ ಪ್ರವಾಹವನ್ನು ವಿವರಿಸಬೇಕಾಗಿಲ್ಲ. ತುಂಗೆ ತುಂಬಿದಾಗ ಕೋರ್ಪಲಯ್ಯ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಿಬರುವುದು ಊರಿನ ರೂಢಿ. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ಗೇಟು ತೆರೆದರೆ ಭದ್ರಾವತಿಯ ಹೊಸಸೇತುವೆಗೆ ಆಪತ್ತು. ಆದರೆ ಅಲ್ಲಿ ಗೇಟು ತೆರೆಯುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಹೋಗುತ್ತದೆ. ಜಾಲದ ಪ್ರವಾಹಕ್ಕೆ ಮುನ್ಸೂಚನೆಯೂ ಇಲ್ಲ, ಋತುಮಾನವೂ ಇಲ್ಲ.

ತಂತ್ರಜ್ಞರು ‘ಡಿಡಿಒಎಸ್’ ಎಂದು ಕರೆಯುವ ಈ ದಾಳಿಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸರಳ ವಂಚನೆ. ಗಣಕಗಳೆರಡು ಮಾತಿಗೆ ತೊಡಗುವ ಮುನ್ನ ಒಂದು ‘ಮಾತನಾಡಲೇ?’ ಎನ್ನುತ್ತದೆ, ಇನ್ನೊಂದು ‘ಆಗಲಿ’ ಎಂದು ಜಾಗ ಕಾದಿರಿಸುತ್ತದೆ, ಮೊದಲನೆಯದು ‘ಸರಿ’ ಎಂದ ಮೇಲೆ ಮಾತುಕತೆ. ದಾಳಿಕೋರ ಲಕ್ಷಾಂತರ ಸಲ ‘ಮಾತನಾಡಲೇ?’ ಎಂದು ಕೇಳಿ ಕಣ್ಮರೆಯಾಗುತ್ತಾನೆ. ಟೋಕನ್ ಪಡೆದು ಬಾರದೆ ಹೋದವರಿಂದಲೇ ಸರತಿ ತುಂಬಿದರೆ ನಿಜವಾದ ರೋಗಿಗೆ ವೈದ್ಯರು ಸಿಗುವುದೆಂತು? 1996ರಲ್ಲಿ ನ್ಯೂಯಾರ್ಕಿನ ‘ಪ್ಯಾನಿಕ್ಸ್’ ಎಂಬ ಅಂತರ್ಜಾಲ ಸೇವಾ ಸಂಸ್ಥೆಯನ್ನು ಹಲವು ದಿನ ಕಂಗೆಡಿಸಿದ್ದು ಇದೇ ಉಪಾಯ. ಹೆಸರು ಬರೆದುಕೊಂಡು ಜಾಗ ಹಿಡಿದಿಡುವ ಬದಲು, ಬಂದವನ ಕೈಗೇ ಗುರುತಿನ ಚೀಟಿ ಕೊಟ್ಟು ಅದನ್ನು ಹಿಡಿದು ಮರಳಿದವನಿಗಷ್ಟೇ ಜಾಗ ಕೊಡುವ ಪರಿಹಾರವನ್ನೂ ಅದೇ ವರ್ಷ ಕಂಡುಹಿಡಿಯಲಾಯಿತು. ಇಂದು ಈ ಪರಿಹಾರ ಬಹುತೇಕ ಎಲ್ಲ ಸರ್ವರ್‌ಗಳಲ್ಲೂ ಇದೆ.

ಎರಡನೆಯದು ಹೆಚ್ಚು ಕುಟಿಲ. ನಿಮ್ಮ ವಿಳಾಸವನ್ನು ಹಾಕಿ ಸಾವಿರ ಅಂಗಡಿಗಳಿಗೆ ಯಾರೋ ಒಂದು ಕಾರ್ಡು ಬರೆದು ‘ನಿಮ್ಮಲ್ಲಿರುವ ಪುಸ್ತಕಗಳನ್ನೆಲ್ಲ ಕಳುಹಿಸಿ’ ಎಂದರೆ? ಕಾರ್ಡಿನ ತೂಕ ಗ್ರಾಂಗಳಲ್ಲಿ, ನಿಮ್ಮ ಮನೆಯ ಮುಂದೆ ಬಂದು ಬೀಳುವುದು ಲಾರಿ ಲೋಡುಗಳಲ್ಲಿ. ಲೋಕದ ಅಮಾಯಕ ಸರ್ವರ್‌ಗಳು ಹೀಗೆಯೇ ದಾಳಿಕೋರನ ಕೂಲಿಗಳಾಗುತ್ತವೆ. 2018ರ ಫೆಬ್ರವರಿಯಲ್ಲಿ ‘ಗಿಟ್‌ಹಬ್’ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಹರಿದುಬಂದದ್ದು ಈ ವಿಧಾನದಿಂದ. ಮೂರನೆಯದು ಕಾವೇರಿ ತಂತ್ರಾಂಶ ಕಂಡದ್ದು. ಇಲ್ಲಿ ನೀರಿನ ಗಾತ್ರ ದೊಡ್ಡದಲ್ಲ. ಎರಡು ಗಂಟೆಗೆ 6.2 ಲಕ್ಷ ಎಂದರೆ ಸೆಕೆಂಡಿಗೆ ಸುಮಾರು 86 ಕೋರಿಕೆ. ದೊಡ್ಡ ಜಾಲಗಳ ಲೆಕ್ಕದಲ್ಲಿ ಇದು ತೊರೆಯೂ ಅಲ್ಲ. ಆದರೆ ಒಂದೊಂದು ಕೋರಿಕೆಯೂ ವರ್ಷಗಟ್ಟಲೆಯ ದಾಖಲೆಗಳನ್ನು ತಡಕಾಡಿಸುವಂಥದ್ದು. ಗುಮಾಸ್ತನೊಬ್ಬನಿಗೆ ಸೆಕೆಂಡಿಗೆ 86 ಸಲ ಹಳೆಯ ರಿಜಿಸ್ಟರ್ ತೆಗೆಯಲು ಹೇಳಿದಂತೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 62 ಖಾತೆಗಳು, 6.2 ಲಕ್ಷ ಕೋರಿಕೆಗಳು: ಸರಾಸರಿ ಒಂದೊಂದು ಖಾತೆಗೆ ಹತ್ತು ಸಾವಿರ. ಎರಡು ಗಂಟೆಯಲ್ಲಿ ಹತ್ತು ಸಾವಿರ ಇ.ಸಿ. ಹುಡುಕುವ ನಾಗರಿಕ ಈ ಭೂಮಿಯಲ್ಲಿ ಇರಲಾರ. ಖಾತೆಯೊಂದಕ್ಕೆ ಇಷ್ಟು ಹುಡುಕಾಟ ಮಾತ್ರ ಎಂಬ ಮಿತಿ ಬಿಗಿಯಾಗಿದ್ದಿದ್ದರೆ ಈ ದಾಳಿಗೆ ಇಷ್ಟು ಬಲ ಬರುತ್ತಿರಲಿಲ್ಲ ಎಂದು ಊಹಿಸಲು ಮಹಾ ತಜ್ಞತೆ ಬೇಡ. ದಾಳಿ ಎಂಬ ಪದ ದಾಳಿಕೋರನ ಅಪರಾಧವನ್ನು ಹೇಳುತ್ತದೆ, ನಿಜ. ಅಗಳಿ ಇಲ್ಲದ ಬಾಗಿಲನ್ನು ಅದು ಮರೆಮಾಚಬಾರದು.

ಈಗ ಹೋಸ್ಟಿಂಗ್ ಕಂಪನಿಯ ಪಡಿಪಾಟಲಿಗೆ ಬರೋಣ. ಸರ್ವರಿನ ಬಾಗಿಲಲ್ಲಿ ಎಂತಹ ಕಾವಲುಗಾರನನ್ನು ನಿಲ್ಲಿಸಿದರೂ ಎರಡನೆಯ ಬಗೆಯ ದಾಳಿಗೆ ಅದು ಉಪಯೋಗವಿಲ್ಲ. ಊರಿನ ರಸ್ತೆಯೇ ಮುಳುಗಿದ ಮೇಲೆ ಮನೆಯ ಹೊಸ್ತಿಲಿಗೆ ಮರಳಿನ ಚೀಲ ಇಟ್ಟು ಪ್ರಯೋಜನವೇನು? ಕಂಪನಿಗೆ ಬರುವ ತಂತಿಯ ಸಾಮರ್ಥ್ಯ ಹತ್ತು ಗಿಗಾಬಿಟ್ ಇದ್ದು, ನೂರು ಗಿಗಾಬಿಟ್ ಹರಿದುಬಂದರೆ ಒಂದು ಜಾಲತಾಣವಲ್ಲ, ಅಲ್ಲಿರುವ ಸಾವಿರಾರು ಜಾಲತಾಣಗಳು ಏಕಕಾಲಕ್ಕೆ ನಿಲ್ಲುತ್ತವೆ. ಆಗ ಕಂಪನಿ ಮಾಡುವ ಕೆಲಸ ಒಂದೇ. ತನಗೆ ಸಂಪರ್ಕ ಕೊಡುವ ಮೇಲಿನ ಜಾಲದವರಿಗೆ, ‘ಈ ವಿಳಾಸಕ್ಕೆ ಬರುವುದನ್ನೆಲ್ಲ ದಾರಿಯಲ್ಲೇ ಎಸೆದುಬಿಡಿ’ ಎಂದು ಸೂಚನೆ ಕೊಡುತ್ತದೆ. ಈ ಕೆಲಸಕ್ಕೆ ವೃತ್ತಿಯವರು ಇಟ್ಟ ಹೆಸರು ‘ಬ್ಲ್ಯಾಕ್‌ಹೋಲ್’, ಕಪ್ಪುಕುಳಿ. ದಾಳಿಯ ಕಸವೂ ಅಲ್ಲಿ ಬೀಳುತ್ತದೆ, ನಿಜವಾದ ಗಿರಾಕಿಯೂ ಅಲ್ಲೇ ಬೀಳುತ್ತಾನೆ. ಉಳಿದ ವಠಾರ ಉಳಿಯುತ್ತದೆ. ಜಾಲತಾಣವನ್ನು ಕಾಣದಂತೆ ಮಾಡಬೇಕೆಂಬ ದಾಳಿಕೋರನ ಉದ್ದೇಶವನ್ನು ಹೀಗೆ ಕಂಪನಿಯೇ ಪೂರೈಸಿಕೊಟ್ಟಂತಾಗುತ್ತದೆ.

ಇದು ಚಿಕ್ಕವರ ಪಾಡು ಮಾತ್ರವಲ್ಲ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅವರ ಜಾಲತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ಗಳ ದಾಳಿಯಾಯಿತು. ಬಾಡಿಗೆಗೆ ದಾಳಿ ನಡೆಸಿಕೊಡುವ ದಂಧೆಯೊಂದನ್ನು ಬಯಲಿಗೆಳೆದಿದ್ದೇ ಅವರ ತಪ್ಪು. ಅವರಿಗೆ ಉಚಿತವಾಗಿ ರಕ್ಷಣೆ ಕೊಡುತ್ತಿದ್ದ ‘ಅಕಮಾಯ್’ನಂತಹ ದೈತ್ಯ ಸಂಸ್ಥೆಯೂ, ಹಣ ಕೊಡುವ ಗ್ರಾಹಕರಿಗೆ ತೊಂದರೆಯಾದೀತೆಂದು ಕೈಬಿಟ್ಟಿತು. ಕೊನೆಗೆ ಪತ್ರಿಕೆಗಳಂಥವುಗಳ ರಕ್ಷಣೆಗೆಂದೇ ಗೂಗಲ್ ನಡೆಸುವ ಯೋಜನೆಯೊಂದರ ಆಶ್ರಯದಲ್ಲಿ ಅವರ ಬರಹಗಳು ಮರಳಿ ಕಾಣಿಸಿಕೊಂಡವು. ಪ್ರಖ್ಯಾತ ಪತ್ರಕರ್ತನಿಗೆ ಗೂಗಲ್ ಬಂತು. ಮರಳು ದಂಧೆಯ ಬಗ್ಗೆಯೋ ಒತ್ತುವರಿಯ ಬಗ್ಗೆಯೋ ಬರೆಯುವ ತಾಲ್ಲೂಕು ಮಟ್ಟದ ಒಂದು ಸುದ್ದಿತಾಣಕ್ಕೆ ಯಾರು ಬಂದಾರು? ಬಾಡಿಗೆ ದಾಳಿಯ ದರ ಎಷ್ಟು ಕಡಿಮೆ ಎಂಬುದು 2018ರ ಏಪ್ರಿಲಿನಲ್ಲಿ ಯುರೋಪಿನ ಪೊಲೀಸರು ‘ವೆಬ್‌ಸ್ಟ್ರೆಸ್ಸರ್’ ಎಂಬ ಅಂಗಡಿಯನ್ನು ಮುಚ್ಚಿಸಿದಾಗ ಲೋಕಕ್ಕೆ ತಿಳಿಯಿತು. ತಿಂಗಳಿಗೆ 15 ಯೂರೊಗಳಿಂದ ಆರಂಭ. 1 ಲಕ್ಷ 36 ಸಾವಿರಕ್ಕೂ ಹೆಚ್ಚು ನೋಂದಾಯಿತ ಗಿರಾಕಿಗಳು. ಒಬ್ಬನ ಬಾಯಿ ಮುಚ್ಚಿಸುವುದು ಇಷ್ಟು ಅಗ್ಗವಾಗಿರುವಾಗ, ಬಾಯಿ ಮುಚ್ಚಿಸಿಕೊಂಡವನನ್ನೇ ಹೊರಹಾಕುವ ಪದ್ಧತಿ ಬರಿಯ ತಾಂತ್ರಿಕ ವಿಚಾರವಾಗಿ ಉಳಿಯುವುದಿಲ್ಲ.

ಹಾಗೆಂದು ಹೋಸ್ಟಿಂಗ್ ಕಂಪನಿಗಳನ್ನು ಖಳರೆಂದು ಚಿತ್ರಿಸುವುದೂ ಸರಿಯಲ್ಲ. 2025ರ ಮೇ ತಿಂಗಳಲ್ಲಿ ಹೋಸ್ಟಿಂಗ್ ಕಂಪನಿಯೊಂದರ ಮೇಲೆಯೇ ಸೆಕೆಂಡಿಗೆ 7.3 ಟೆರಾಬಿಟ್ ವೇಗದ ದಾಳಿ ನಡೆಯಿತೆಂದು, 45 ಸೆಕೆಂಡುಗಳಲ್ಲಿ 37.4 ಟೆರಾಬೈಟ್ ಸುರಿಯಿತೆಂದು ಅದನ್ನು ತಡೆದ ‘ಕ್ಲೌಡ್‌ಫ್ಲೇರ್’ ಸಂಸ್ಥೆ ಪ್ರಕಟಿಸಿತು. ಅದೇ ವರ್ಷ ಆ ದಾಖಲೆಯೂ ಹಲವು ಬಾರಿ ಮುರಿಯಿತು. ಕೆಲವು ನೂರು ರೂಪಾಯಿಯ ಗಿರಾಕಿಗಾಗಿ ಇಂತಹ ಪ್ರವಾಹಕ್ಕೆ ಎದೆಯೊಡ್ಡಿ ನಿಲ್ಲಬೇಕೆಂದು ಯಾವ ಚಿಕ್ಕ ಕಂಪನಿಯನ್ನೂ ಕೇಳಲಾಗದು. ಇತರ ಬಾಡಿಗೆದಾರರ ಹಿತವೂ ಹಿತವೇ.

ಆದರೆ ದಾರಿಗಳು ಇಲ್ಲದಿಲ್ಲ. ಬರುವ ನೀರನ್ನು ಬೇರೆಡೆಯ ಸೋಸುವ ಕೇಂದ್ರಕ್ಕೆ ತಿರುಗಿಸಿ, ಕೊಳೆ ಕಳೆದು, ತಿಳಿಯಾದದ್ದನ್ನು ಮಾತ್ರ ಸರ್ವರಿಗೆ ಬಿಡುವ ವ್ಯವಸ್ಥೆ ಒಂದು. ಗಿಟ್‌ಹಬ್ ಹತ್ತೇ ನಿಮಿಷಗಳಲ್ಲಿ ಚೇತರಿಸಿಕೊಂಡದ್ದು ಹೀಗೆ. ಇನ್ನೊಂದು, ಒಂದೇ ವಿಳಾಸವನ್ನು ಲೋಕದ ನೂರಾರು ನಗರಗಳಿಂದ ಸಾರುವುದು. ಆಗ ಬ್ರೆಜಿಲಿನಿಂದ ಹೊರಟ ಕೊಳೆ ಬ್ರೆಜಿಲಿನಲ್ಲೇ, ವಿಯೆಟ್ನಾಮಿನದು ಅದರ ಆಸುಪಾಸಿನಲ್ಲೇ ಇಂಗುತ್ತದೆ. ಯಾವ ಒಂದು ಕಾಲುವೆಯೂ ಕಟ್ಟೆಯೊಡೆಯುವುದಿಲ್ಲ. ಫ್ರಾನ್ಸಿನ ‘ಓವಿಎಚ್’ ಕಂಪನಿ ದಾಳಿಯ ರಕ್ಷಣೆಯನ್ನು ಬಾಡಿಗೆಯೊಳಗೇ ಸೇರಿಸಿಕೊಟ್ಟಿದೆ. ಕ್ಲೌಡ್‌ಫ್ಲೇರ್ 2017ರಿಂದ ಹಣ ಕೊಡದ ಗ್ರಾಹಕರಿಗೂ ದಾಳಿಯ ಗಾತ್ರವನ್ನು ಅಳೆಯದೆ ರಕ್ಷಣೆ ಕೊಡುತ್ತಿದೆ. ಹೀಗಿರುವಾಗ ನಮ್ಮ ಊರಿನ ವಿನ್ಯಾಸಕಾರ ತನ್ನ ಗಿರಾಕಿಗಳನ್ನು ಯಾವ ಕೊಡೆಯೂ ಇಲ್ಲದೆ ಮಳೆಗೆ ಬಿಡುವುದಕ್ಕೆ ನೆಪ ಉಳಿದಿಲ್ಲ.

ಕೊಡೆ ಹಿಡಿಯುವವರು ಬೆರಳೆಣಿಕೆಯಷ್ಟೇ ಎಂಬುದು ಬೇರೆ ಆತಂಕ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಒಂದೇ ಎಡವಿದಾಗ ಲೋಕದ ಅಸಂಖ್ಯ ತಾಣಗಳು ಗಂಟೆಗಟ್ಟಲೆ ಕುಂಟಿದವು. ಸ್ವಾರಸ್ಯವೆಂದರೆ ಅದರ ತಂತ್ರಜ್ಞರೇ ಮೊದಲು ಇದನ್ನು ಭಾರೀ ದಾಳಿಯೆಂದು ಶಂಕಿಸಿದ್ದರು. ಆಮೇಲೆ ನೋಡಿದರೆ ತಮ್ಮದೇ ಕಡತವೊಂದು ಮಿತಿಮೀರಿ ಹಿಗ್ಗಿತ್ತು. ಆ ಸಂಸ್ಥೆ ಅದೇ ದಿನ ಕಾರಣವನ್ನು ವಿವರವಾಗಿ ಬರೆದು ಪ್ರಕಟಿಸಿತು ಎಂಬುದನ್ನು ಮೆಚ್ಚಬೇಕು. ನಮ್ಮಲ್ಲಿ ವಿಶ್ವವಿದ್ಯಾಲಯದ ಫಲಿತಾಂಶ ಬಂದ ಸಂಜೆ, ಸರ್ಕಾರದ ಹೊಸ ಯೋಜನೆಗೆ ಅರ್ಜಿ ಆರಂಭವಾದ ಬೆಳಿಗ್ಗೆ ತಾಣಗಳು ಕುಸಿದಾಗ ಅದು ಜನರ ನೂಕುನುಗ್ಗಲೇ, ದಾಳಿಯೇ, ಕಳಪೆ ಕಾಮಗಾರಿಯೇ ಎಂದು ಯಾರೂ ಹೇಳುವುದಿಲ್ಲ. ದಸರಾ ರಜೆಯಲ್ಲಿ ಜೋಗದ ದಾರಿ ತುಂಬಿದರೆ ಅದನ್ನು ಮುತ್ತಿಗೆ ಎನ್ನಲಾಗದು. ಬರುವರೆಂದು ಗೊತ್ತಿದ್ದ ಜನರಿಗೆ ದಾರಿ ಅಗಲ ಮಾಡದಿದ್ದವನ ತಪ್ಪು ಅದು.

ಪ್ರವಾಹದ ಮೂಲಕ್ಕೂ ಒಮ್ಮೆ ಹೋಗಿಬರಬೇಕು. ಕ್ರೆಬ್ಸ್ ಮೇಲೆ ಎರಗಿದ ‘ಮಿರಾಯ್’ ಸೈನ್ಯದ ಸೈನಿಕರು ಯಾರು? ಮನೆ, ಅಂಗಡಿಗಳ ಕ್ಯಾಮೆರಾಗಳು, ವಿಡಿಯೊ ದಾಖಲಿಸುವ ಪೆಟ್ಟಿಗೆಗಳು, ರೌಟರುಗಳು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸದೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಪ್ರತಿಯೊಂದು ಕ್ಯಾಮೆರಾ ಕರೆ ಬಂದಾಗ ಹೊರಡುವ ಕೂಲಿ ಸಿಪಾಯಿ. ಅದನ್ನು ಸೃಷ್ಟಿಸಿ, 2017ರಲ್ಲಿ ತಪ್ಪೊಪ್ಪಿಕೊಂಡ ಮೂವರು ಅಮೆರಿಕನ್ ಯುವಕರ ಹಿನ್ನೆಲೆ ‘ಮೈನ್‌ಕ್ರಾಫ್ಟ್’ ಆಟದ ಸರ್ವರ್‌ಗಳ ಪೈಪೋಟಿ. ಅವರಲ್ಲಿ ಒಬ್ಬನದು ದಾಳಿಯಿಂದ ರಕ್ಷಣೆ ಮಾರುವ ಕಂಪನಿಯೇ ಇತ್ತು. ಮಳೆಯನ್ನೂ ತರಿಸಿ ಕೊಡೆಯನ್ನೂ ಮಾರುವ ಈ ಜಾಣ್ಮೆಯನ್ನು ನೋಡಿದ ಮೇಲೆ ರಕ್ಷಣೆಯ ಜಾಹೀರಾತುಗಳನ್ನೆಲ್ಲ ಕಣ್ಣುಮುಚ್ಚಿ ನಂಬುವುದು ಕಷ್ಟ.

ಸುಳ್ಳು ವಿಳಾಸ ಹಾಕಿದ ಕಾರ್ಡನ್ನು ಅಂಚೆಪೆಟ್ಟಿಗೆಯಲ್ಲೇ ತಡೆಯುವ ಉಪಾಯ ಹಳೆಯದು. ತನ್ನ ಗಿರಾಕಿಯದಲ್ಲದ ವಿಳಾಸವನ್ನು ಹೊತ್ತು ಹೊರಟ ಸಂದೇಶವನ್ನು ಅಂತರ್ಜಾಲ ಸಂಪರ್ಕ ಕೊಡುವವನು ಹೊರಬಿಡಬಾರದೆಂಬ ನಿಯಮವನ್ನು ಜಾಗತಿಕ ತಜ್ಞರ ಮಂಡಳಿ 2000ದ ಮೇ ತಿಂಗಳಲ್ಲೇ ಶಿಫಾರಸು ಮಾಡಿತ್ತು. ಕಾಲು ಶತಮಾನ ಕಳೆದರೂ ಅದರ ಪಾಲನೆ ಪೂರ್ಣವಾಗಿಲ್ಲ. ಕಾರಣ ಸರಳ: ಖರ್ಚು ತನ್ನದು, ಲಾಭ ಬೇರೆ ಯಾವನಿಗೋ. ಮೇಲಿನ ಊರಿನವನು ಚರಂಡಿ ಶುಚಿ ಮಾಡಿದರೆ ಕೆಳಗಿನ ಊರಿನವನಿಗೆ ಒಳ್ಳೆಯ ನೀರು. ಇಂತಹ ಕಡೆ ಸದ್ಭಾವನೆಯನ್ನು ನೆಚ್ಚಿ ಕೂರಲಾಗದು, ಪರವಾನಗಿಯ ಷರತ್ತೇ ಬೇಕು. ಬೀದಿ ಬೀದಿಗೆ ಫೈಬರ್ ಎಳೆಯುತ್ತಿರುವ ನಮ್ಮ ಕೇಬಲ್ ನಿರ್ವಾಹಕರಿಗೂ ಅದು ಅನ್ವಯಿಸಬೇಕು.

ಕಾನೂನಿನ ಬಲ ಕಾಗದದಲ್ಲಿ ಸಾಕಷ್ಟಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ವಿಧಿಗಳ ಪ್ರಕಾರ ಅರ್ಹನಿಗೆ ಗಣಕದ ಪ್ರವೇಶ ತಪ್ಪಿಸುವುದು ಮೂರು ವರ್ಷದವರೆಗಿನ ಸೆರೆ ಅಥವಾ 5 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಪಡಿಸುವ ಅಪರಾಧ. 2022ರ ಏಪ್ರಿಲಿನಲ್ಲಿ ಕೇಂದ್ರದ ‘ಸರ್ಟ್-ಇನ್’ ಹೊರಡಿಸಿದ ನಿರ್ದೇಶನದಂತೆ ಸೇವಾದಾರರು ಇಂತಹ ದಾಳಿಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆ ಉಳಿಸಿಕೊಳ್ಳಬೇಕು. ಶಿವಮೊಗ್ಗದಲ್ಲಿ ಇದಕ್ಕೆಂದೇ ಸಿಇಎನ್ ಠಾಣೆಯೂ ಇದೆ. ಆದರೆ ಹೋಸ್ಟಿಂಗ್ ಕಂಪನಿ ಸರ್ಟ್-ಇನ್‌ಗೆ ತಿಳಿಸಬೇಕೇ ಹೊರತು, ನಷ್ಟಕ್ಕೊಳಗಾದ ಗಿರಾಕಿಗೆ ಆರು ಗಂಟೆಯಲ್ಲಿ ತಿಳಿಸಬೇಕೆಂದು ಆ ನಿರ್ದೇಶನ ಹೇಳುವುದಿಲ್ಲ. ಆತನಿಗೆ ತಿಳಿಯುವುದು ಯಾರೋ ಗೆಳೆಯ ದೂರವಾಣಿ ಮಾಡಿ ‘ನಿಮ್ಮ ಸೈಟ್ ಓಪನ್ ಆಗುತ್ತಿಲ್ಲವಲ್ಲ’ ಎಂದಾಗ.

ತುರ್ತಾಗಿ ಆಗಬೇಕಾದದ್ದು ದುಬಾರಿ ಯಂತ್ರಗಳ ಖರೀದಿಯಲ್ಲ, ಕರಾರಿನ ತಿದ್ದುಪಡಿ. ದಾಳಿಯಾದರೆ ಕಂಪನಿ ಏನು ಮಾಡುತ್ತದೆ, ವಿಳಾಸವನ್ನು ಕಪ್ಪುಕುಳಿಗೆ ತಳ್ಳಿದರೆ ಎಷ್ಟು ಗಂಟೆಯೊಳಗೆ ಮರುಪರೀಕ್ಷೆ ಮಾಡುತ್ತದೆ, ಆ ಸಂಗತಿಯನ್ನು ಯಾವಾಗ ಯಾರಿಗೆ ತಿಳಿಸುತ್ತದೆ ಎಂಬುದು ಗಿರಾಕಿ ಹಣ ಕೊಡುವ ಮುನ್ನವೇ, ಆತ ಓದಬಲ್ಲ ಭಾಷೆಯಲ್ಲಿ ಇರಬೇಕು. ದಾಳಿಯ ಕಸಕ್ಕೆ ಗಿರಾಕಿಯಿಂದ ಬಾಡಿಗೆ ವಸೂಲು ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಖಾತೆಯನ್ನು ಅಮಾನತಿನಲ್ಲಿಟ್ಟರೂ ಆತನ ಬರಹ, ಚಿತ್ರ, ಗಿರಾಕಿಗಳ ಪಟ್ಟಿಯ ಪ್ರತಿಯನ್ನು ಕೂಡಲೇ ಕೊಟ್ಟುಬಿಡಬೇಕು. ಮನೆ ಖಾಲಿ ಮಾಡಿಸುವ ಒಡೆಯನೂ ಪಾತ್ರೆ-ಪಗಡ ಒಯ್ಯಲು ಬಿಡುತ್ತಾನೆ. ಪ್ರತಿ ಕೈಯಲ್ಲಿದ್ದರೆ ಬೇರೊಂದು ವಠಾರಕ್ಕೆ ಹೋಗುವುದು ಒಂದು ದಿನದ ಕೆಲಸ. ಇಲ್ಲದಿದ್ದರೆ ಹತ್ತು ವರ್ಷದ ದುಡಿಮೆ ಯಾರದೋ ಬೀಗದೊಳಗೆ.

ಇದನ್ನು ನ್ಯಾಯಾಲಯದಲ್ಲಿ ಪರೀಕ್ಷಿಸಲು ಒಂದು ಬಾಗಿಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ಕರಾರು’ ಎಂಬ ಪರಿಕಲ್ಪನೆಯನ್ನು ತಂದಿದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಹಕ್ಕನ್ನು ಒಬ್ಬನಿಗೇ ಕೊಡುವ ಷರತ್ತೂ ಅದರ ವ್ಯಾಪ್ತಿಯಲ್ಲಿ ಬರುತ್ತದೆ. ವಾಣಿಜ್ಯ ಉದ್ದೇಶದ ಖರೀದಿದಾರ ಗ್ರಾಹಕನಲ್ಲ ಎಂಬ ವಾದ ಎದುರಾಗುವುದು ಖಚಿತ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವನಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹೋಂಸ್ಟೇ ನಡೆಸುವ ದಂಪತಿಯೋ ಒಬ್ಬನೇ ಸುದ್ದಿತಾಣ ನಡೆಸುವ ವರದಿಗಾರನೋ ಆ ವಿನಾಯಿತಿಯಡಿ ಬರಬಲ್ಲರು. ತೊಡಕೆಂದರೆ ಅನುಚಿತ ಕರಾರಿನ ದೂರನ್ನು ಜಿಲ್ಲಾ ಆಯೋಗ ಸ್ವೀಕರಿಸುವಂತಿಲ್ಲ. ಭದ್ರಾವತಿಯ ಫಿರ್ಯಾದಿ ಕೆಲವು ನೂರು ರೂಪಾಯಿಯ ಕರಾರಿಗಾಗಿ ಬೆಂಗಳೂರಿನ ರಾಜ್ಯ ಆಯೋಗದ ಮುಂದೆ ನಿಲ್ಲಬೇಕು. ಜಿಲ್ಲಾ ವಾಣಿಜ್ಯ ಸಂಘವೋ ಪತ್ರಕರ್ತರ ಸಂಘವೋ ತಮ್ಮ ಸದಸ್ಯರೊಬ್ಬರ ಪರವಾಗಿ ಮೊದಲ ದೂರನ್ನು ಹೊತ್ತು ಆ ಬಾಗಿಲು ತಟ್ಟಬಾರದೇಕೆ?